ಸ್ವಂತ ಟೆರಾಫಾರ್ಮ್ ಪ್ರೊವೈಡರ್‌ನ ಪರೀಕ್ಷೆ: ಮಿರರ್ ಫೋಲ್ಡರೋ, ಡೆವ್ ಓವರ್‌ರೈಡೋ?

ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಇರುವ ಜೀನ್ಸ್ ಹೊಲಿಗೆ ಘಟಕಗಳಿಗೆ ನಾನು ಲೆಕ್ಕಪತ್ರದ ತಂತ್ರಾಂಶ ಒದಗಿಸುತ್ತೇನೆ. ಹೊಸ ಘಟಕ ಸೇರಿದಾಗಲೆಲ್ಲ ಅದಕ್ಕೊಂದು ಡೇಟಾಬೇಸ್, ಒಂದು ಸಬ್‌ಡೊಮೈನ್, ಮಾಲೀಕರಿಗೂ ಗುಮಾಸ್ತರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಬೇಕು. ಇದನ್ನೆಲ್ಲ ಕೈಯಿಂದ ಮಾಡುತ್ತ ಒಂದಲ್ಲ ಒಂದು ಮರೆಯುವುದಕ್ಕಿಂತ ಇಂಥವನ್ನು ಕಡತದಲ್ಲಿ ಬರೆದಿಟ್ಟರೆ ತಾನೇ ಸೃಷ್ಟಿಸಿಕೊಡುವ ಟೆರಾಫಾರ್ಮ್ ಎಂಬ ಉಪಕರಣ ಬಳಸುವುದು ಒಳ್ಳೆಯದೆನಿಸಿ, ನಮ್ಮದೇ ಸೇವೆಗೆ ಗೋ ಭಾಷೆಯಲ್ಲಿ ಒಂದು ಪ್ರೊವೈಡರ್, ಅಂದರೆ ಟೆರಾಫಾರ್ಮ್ ಒಂದು ಸೇವೆಯೊಡನೆ ಮಾತಾಡಲು ಬೇಕಾದ ಪ್ಲಗಿನ್, ಬರೆಯಲು ಕುಳಿತೆ. ಬರೆಯುವುದು ಅಷ್ಟು ಕಷ್ಟವಾಗಲಿಲ್ಲ. ಬರೆದದ್ದನ್ನು ಯಾವ ರಿಜಿಸ್ಟ್ರಿಯಲ್ಲೂ (ಪ್ರೊವೈಡರ್‌ಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಭಂಡಾರ) ಪ್ರಕಟಿಸದೆ ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡುವುದು ಹೇಗೆ ಎಂಬುದನ್ನು ತಿಳಿಯುವಷ್ಟರಲ್ಲಿ ಎರಡು ವಾರ ಕಳೆದವು. ರಿಜಿಸ್ಟ್ರಿಯ ಬದಲು ನಮ್ಮ ಯಂತ್ರದಲ್ಲೇ ಪ್ರೊವೈಡರ್ ಇಡುವ ಮಿರರ್ ಫೋಲ್ಡರ್, ನಮ್ಮ ಬಿಲ್ಡನ್ನೇ ನೇರವಾಗಿ ಬಳಸು ಎಂದು ಹೇಳುವ ಡೆವ್ ಓವರ್‌ರೈಡ್ಸ್, ಗೋ ಭಾಷೆಯ ಅಕ್ಸೆಪ್ಟೆನ್ಸ್ ಟೆಸ್ಟ್ ಈ ಮೂರನ್ನೂ ಬಳಸಿ ನೋಡಿದ್ದೇನೆ. ದಿನದ ಕೆಲಸಕ್ಕೆ ನನ್ನ ಆಯ್ಕೆ ಡೆವ್ ಓವರ್‌ರೈಡ್ಸ್. ಆ ಎರಡು ವಾರಗಳ ಬಹುಪಾಲು ಹೋದದ್ದು ಮಿರರ್ ಫೋಲ್ಡರ್‌ನ ಹಿಂದೆ.

ಮಿರರ್ ಫೋಲ್ಡರ್‌ನಿಂದಲೇ ಶುರುಮಾಡಲು ಕಾರಣವಿತ್ತು. 2020ರಲ್ಲಿ ಬಂದ ಟೆರಾಫಾರ್ಮ್ 0.13ರಿಂದ ಪ್ರತಿ ಪ್ರೊವೈಡರ್‌ಗೂ ಒಂದು ಪೂರ್ಣ ವಿಳಾಸವಿರುತ್ತದೆ. ಹೋಮ್ ಡೈರೆಕ್ಟರಿಯ ಪ್ಲಗಿನ್ ಫೋಲ್ಡರ್‌ನಲ್ಲಿ ಆ ವಿಳಾಸದ ಕ್ರಮದಲ್ಲೇ, ಅಂದರೆ ಹೋಸ್ಟ್, ನೇಮ್‌ಸ್ಪೇಸ್, ಪ್ರೊವೈಡರ್, ಆವೃತ್ತಿ, ಕೊನೆಗೆ ಯಂತ್ರದ ಬಗೆ ಎಂದು ಒಂದರೊಳಗೊಂದು ಫೋಲ್ಡರ್ ಮಾಡಿ, ಒಳಗೆ ಬೈನರಿಯನ್ನು (ಕೋಡಿನಿಂದ ಬಿಲ್ಡ್ ಮಾಡಿದ, ಓಡಿಸಬಹುದಾದ ಕಡತ) ಇಟ್ಟರೆ, ಯೋಜನೆಗೆ ಬೇಕಾದ ಪ್ರೊವೈಡರ್‌ಗಳನ್ನು ತಂದು ಸಿದ್ಧಪಡಿಸುವ ಇನಿಟ್ ಆಜ್ಞೆ ಅದನ್ನು ತಾನಾಗಿಯೇ ಹುಡುಕಿಕೊಳ್ಳುತ್ತದೆ. ಯಾವ ಸಂರಚನಾ ಕಡತವನ್ನೂ ಬರೆಯಬೇಕಿಲ್ಲ. ಪ್ರಕಟವಾದ ಪ್ರೊವೈಡರ್ ಹೇಗೆ ಬಂದು ಕೂರುತ್ತದೋ ಹಾಗೆಯೇ ನಮ್ಮದೂ ಕೂರುವುದರಿಂದ ಪರೀಕ್ಷೆ ನಿಜಕ್ಕೆ ಹತ್ತಿರವಿರುತ್ತದೆ ಎಂದು ನಂಬಿದ್ದೆ. ಮೊದಲ ದಿನ ಹಾಗೆಯೇ ಅನಿಸಿತು ಕೂಡ.

ಎರಡನೆಯ ದಿನ ಗೋ ಕೋಡಿನ ಒಂದು ಸಾಲು ಬದಲಿಸಿ, ಮತ್ತೆ ಬಿಲ್ಡ್ ಮಾಡಿ, ಹೊಸ ಬೈನರಿಯನ್ನು ಅದೇ ಫೋಲ್ಡರ್‌ನಲ್ಲಿ ಹಳೆಯದರ ಮೇಲೆ ಹಾಕಿ, ಏನೇನು ಬದಲಾಗಲಿದೆ ಎಂದು ತೋರಿಸುವ ಪ್ಲಾನ್ ಆಜ್ಞೆ ಕೊಟ್ಟೆ. ಯೋಜನೆ ಬಳಸುವ ಪ್ರೊವೈಡರ್‌ಗಳ ಆವೃತ್ತಿಗಳನ್ನು ಬರೆದಿಟ್ಟುಕೊಳ್ಳುವ ಲಾಕ್ ಫೈಲಿನಲ್ಲಿ ದಾಖಲಾಗಿರುವ ಯಾವ ಚೆಕ್‌ಸಮ್‌ಗೂ ಈ ಪ್ಯಾಕೇಜ್ ಹೊಂದುತ್ತಿಲ್ಲ ಎಂಬ ಕೆಂಪು ಸಂದೇಶ ಬಂತು. ಇನಿಟ್ ಕೊಟ್ಟೆ, ಅಲ್ಲಿಯೂ ಅದೇ ತಕರಾರು. ಲಾಕ್ ಫೈಲನ್ನು ತೆರೆದು ನೋಡಿದರೆ ನನ್ನ ಪ್ರೊವೈಡರ್‌ನ ಹೆಸರು, ಅದರ ಕೆಳಗೆ 0.1.0 ಎಂಬ ಆವೃತ್ತಿ, ಅದರ ಕೆಳಗೆ ‘ಎಚ್1’ ಎಂದು ಶುರುವಾಗುವ ಒಂದು ಉದ್ದನೆಯ ಅಕ್ಷರಗಳ ಸಾಲು. ಮೊದಲ ಇನಿಟ್ ಮಾಡಿದಾಗ ಪ್ಯಾಕೇಜಿನ ಒಳಗೆ ಏನಿತ್ತೋ ಅದರ ಹ್ಯಾಶ್ ಅದು, ಅಂದರೆ ಒಳಗಿನದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಚೆಕ್‌ಸಮ್. ಒಂದೇ ಆವೃತ್ತಿ ಸಂಖ್ಯೆಯ ಹೆಸರಿನಲ್ಲಿ ಬೇರೆ ಬೈನರಿ ಬಂದರೆ ಅದನ್ನು ತಡೆಯಬೇಕಾದದ್ದು ಲಾಕ್ ಫೈಲಿನ ಧರ್ಮವೇ. ಯಾರೋ ನಡುವೆ ಬೈನರಿ ಬದಲಿಸಿಟ್ಟರೆ ನಮ್ಮನ್ನು ಕಾಯುವುದು ಇದೇ ಸಾಲು. ಆದರೆ ದಿನಕ್ಕೆ ನಲವತ್ತು ಸಲ ಬೈನರಿ ಬದಲಿಸುವವನು ನಾನೇ ಆಗಿರುವಾಗ ನಲವತ್ತು ಸಲವೂ ಆ ಕಾವಲನ್ನು ದಾಟಿ ಹೋಗಬೇಕಾಗುತ್ತದೆ.

ಇದರಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಇನ್ನೊಂದು. ಕೋಡನ್ನು ಮುಟ್ಟದೆ ಓದುಗರಿಗೆಂದು ಇರುವ ವಿವರಣೆಯ ಕಡತವೊಂದನ್ನೇ ತಿದ್ದಿ ಕಮಿಟ್ ಮಾಡಿ (ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ದಾಖಲಿಸಿ) ಬಿಲ್ಡ್ ಮಾಡಿದಾಗಲೂ ಹ್ಯಾಶ್ ಬದಲಾಗುತ್ತಿತ್ತು. ಗೋ ಕಂಪೈಲರ್ ಒಂದೇ ಕೋಡಿಗೆ ಒಂದೇ ಬೈನರಿ ಕೊಡುತ್ತದೆಂದು ತಿಳಿದಿದ್ದ ನನಗೆ ಒಂದು ಇಡೀ ಸಂಜೆ ಇದು ಬಗೆಹರಿಯಲಿಲ್ಲ. ಕೊನೆಗೆ ಸಿಕ್ಕ ಕಾರಣ ಇದು: 2022ರಲ್ಲಿ ಬಂದ ಗೋ 1.18ರಿಂದ ಬಿಲ್ಡ್ ಆಜ್ಞೆಯು ಗಿಟ್‌ನ ಕಮಿಟ್ ಗುರುತನ್ನೂ, ಕಮಿಟ್ ಆಗದ ಬದಲಾವಣೆಗಳಿವೆಯೇ ಎಂಬುದನ್ನೂ ಬೈನರಿಯ ಒಳಗೇ ಅಚ್ಚೊತ್ತುತ್ತದೆ. ಕಮಿಟ್ ಬದಲಾದರೆ ಬೈನರಿ ಬದಲಾಗುತ್ತದೆ, ಬೈನರಿ ಬದಲಾದರೆ ಹ್ಯಾಶ್ ಬದಲಾಗುತ್ತದೆ. ‘ಬಿಲ್ಡ್‌ವಿಸಿಎಸ್’ ಎಂಬ ಆಯ್ಕೆಯನ್ನು ಫಾಲ್ಸ್ ಎಂದು ಕೊಟ್ಟು ಇದನ್ನು ನಿಲ್ಲಿಸಬಹುದು. ಆದರೆ ಕೋಡ್ ಬದಲಾದಾಗಿನ ತೊಂದರೆ ಹಾಗೆಯೇ ಉಳಿಯುತ್ತದೆ.

ದಾಟಿ ಹೋಗುವ ದಾರಿಗಳನ್ನೂ ನೋಡಿದೆ. ಪ್ರತಿ ಬಿಲ್ಡಿಗೂ ಆವೃತ್ತಿ ಸಂಖ್ಯೆಯನ್ನು ಒಂದೊಂದಾಗಿ ಏರಿಸಿದೆ. ವಾರದೊಳಗೆ ಫೋಲ್ಡರ್‌ನಲ್ಲಿ ತಲಾ 24 ಎಂಬಿಯ ನೂರಾರು ಬೈನರಿಗಳು ಸೇರಿಕೊಂಡವು. ಲಾಕ್ ಫೈಲಿನಿಂದ ನಮ್ಮ ಪ್ರೊವೈಡರ್‌ನ ಭಾಗವನ್ನಷ್ಟೇ ಕತ್ತರಿಸಿ ಮತ್ತೆ ಇನಿಟ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ಅದು ಕೆಲಸ ಮಾಡಿತು, ಆದರೆ ಪ್ರತಿ ಸಲ ಇನಿಟ್‌ಗಾಗಿ ಕಾಯಬೇಕು. ಒಂದು ದಿನ ಬೇಸತ್ತು ಲಾಕ್ ಫೈಲನ್ನೇ ಪೂರ್ತಿ ಅಳಿಸಿಬಿಟ್ಟೆ. ಅದೇ ಯೋಜನೆಯಲ್ಲಿ ದೊಡ್ಡದೊಂದು ಕ್ಲೌಡ್ ಪ್ರೊವೈಡರ್ ಕೂಡ ಇತ್ತು, ಅದರ ಆವೃತ್ತಿಗೆ ನಾನು ಕೊಟ್ಟಿದ್ದ ಮಿತಿ ಸಡಿಲವಾಗಿತ್ತು. ಲಾಕ್ ಇಲ್ಲವಾದದ್ದರಿಂದ ಇನಿಟ್ ಅದರ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳಲು ಹೊರಟಿತು. ಅಂದು ಕರೆಂಟ್ ಹೋಗಿ ಆಫೀಸಿನ ಇಂಟರ್ನೆಟ್ ನಿಂತಿತ್ತು. ಅಷ್ಟು ದೊಡ್ಡ ಬೈನರಿ ನನ್ನ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇಳಿಯಿತು, ಅಂದಿನ ಡೇಟಾ ಮುಗಿಯಿತು. ಅಂದೇ ಈ ದಾರಿಯನ್ನು ಕೈಬಿಟ್ಟೆ.

ಡೆವ್ ಓವರ್‌ರೈಡ್ಸ್ ಬಂದದ್ದು ಟೆರಾಫಾರ್ಮ್ 0.14ರಲ್ಲಿ, ಲಾಕ್ ಫೈಲ್ ಬಂದದ್ದೂ ಅದೇ ಆವೃತ್ತಿಯಲ್ಲಿ. ಟೆರಾಫಾರ್ಮ್‌ನ ಸಂರಚನಾ ಕಡತದಲ್ಲಿ ‘ಪ್ರೊವೈಡರ್ ಇನ್‌ಸ್ಟಾಲೇಶನ್’ ಎಂಬ ಭಾಗ ಬರೆದು, ಇಂಥ ವಿಳಾಸದ ಪ್ರೊವೈಡರ್ ಇಂಥ ಫೋಲ್ಡರ್‌ನಲ್ಲಿದೆ ಎಂದು ಒಂದು ಸಾಲು ಸೇರಿಸಿದರೆ ಆಯಿತು. ಆ ಪ್ರೊವೈಡರ್‌ಗೆ ಆವೃತ್ತಿಯನ್ನೂ ಚೆಕ್‌ಸಮ್ಮನ್ನೂ ಯಾರೂ ಕೇಳುವುದಿಲ್ಲ, ಇನಿಟ್ ಕೂಡ ಬೇಕಿಲ್ಲ. ಕೋಡ್ ತಿದ್ದಿ, ಬಿಲ್ಡ್ ಮಾಡಿ, ನೇರವಾಗಿ ಪ್ಲಾನ್ ಕೊಡಬಹುದು. ಬಿಲ್ಡಿನಿಂದ ಪ್ಲಾನಿನವರೆಗಿನ ಸುತ್ತು ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಹತ್ತು ಸೆಕೆಂಡ್ ಮೀರಲಿಲ್ಲ, ಮತ್ತು ಆ ಸುತ್ತಿಗೆ ಇಂಟರ್ನೆಟ್ ಬೇಕಾಗಲಿಲ್ಲ. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದಾಗಲೂ ಬ್ಯಾಟರಿ ಇರುವ ತನಕ ಕೆಲಸ ಸಾಗುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಲಾಭ.

ಇದಕ್ಕೂ ಕೊರತೆಗಳಿವೆ. ಪ್ರಕಟವಾಗದ ನಮ್ಮ ಪ್ರೊವೈಡರ್ ಇರುವ ಯೋಜನೆಯಲ್ಲಿ ಬೇರೆ ಪ್ರೊವೈಡರ್‌ಗಳೂ ಇದ್ದರೆ ಅವುಗಳಿಗೆ ಇನಿಟ್ ಬೇಕೇ ಬೇಕು, ಇನಿಟ್ ಕೊಟ್ಟರೆ ನಮ್ಮದನ್ನು ರಿಜಿಸ್ಟ್ರಿಯಲ್ಲಿ ಹುಡುಕಿ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಆದ್ದರಿಂದ ನಮ್ಮ ಪ್ರೊವೈಡರ್ ಒಂದೇ ಇರುವ ಪ್ರತ್ಯೇಕ ಪರೀಕ್ಷಾ ಫೋಲ್ಡರ್ ಇಟ್ಟುಕೊಂಡಿದ್ದೇನೆ. ಗಂಗಾವತಿಯಲ್ಲಿದ್ದು ನನ್ನೊಡನೆ ಕೆಲಸ ಮಾಡುವ ತಮ್ಮನಂಥ ಹುಡುಗನೊಬ್ಬ ಒಂದು ದಿನ ಫೋನ್ ಮಾಡಿ, “ಅಣ್ಣಾ, ನಮ್ದು ಓಡಕತ್ತೈತಿ, ಉಳಿದಿದ್ದ ಯಾವ್ದೂ ಇನಿಟ್ ಆಗವಲ್ದು” ಎಂದ. ಅವನು ಕಡತದಲ್ಲಿ ಓವರ್‌ರೈಡ್ ಭಾಗವನ್ನಷ್ಟೇ ಬರೆದು ಅದರ ಕೆಳಗೆ ಬರಬೇಕಾದ ಖಾಲಿ ‘ಡೈರೆಕ್ಟ್’ ಭಾಗವನ್ನು ಬಿಟ್ಟಿದ್ದ. ಅದಿಲ್ಲದಿದ್ದರೆ ಟೆರಾಫಾರ್ಮ್ ಉಳಿದ ಪ್ರೊವೈಡರ್‌ಗಳನ್ನು ರಿಜಿಸ್ಟ್ರಿಯಿಂದ ತರುವುದೇ ಇಲ್ಲ.

ಇನ್ನೊಂದು ಪೆಟ್ಟು ತಿಂದವನು ನಾನು. ಓವರ್‌ರೈಡ್ ಇದ್ದ ಕಡತವನ್ನು ಹೋಮ್ ಡೈರೆಕ್ಟರಿಯಲ್ಲಿ ಇಟ್ಟಿದ್ದೆ, ಅಂದರೆ ಅದು ನನ್ನ ಎಲ್ಲ ಯೋಜನೆಗಳಿಗೂ ಅನ್ವಯಿಸುತ್ತಿತ್ತು. ಎರಡು ದಿನಗಳ ನಂತರ ಗ್ರಾಹಕರ ನಿಜವಾದ ಯೋಜನೆಯಲ್ಲಿ ಬದಲಾವಣೆಗಳನ್ನು ಜಾರಿಗೆ ತರುವ ಅಪ್ಲೈ ಆಜ್ಞೆ ಕೊಟ್ಟಾಗ ಬಿಡುಗಡೆಯಾದ ಪ್ರೊವೈಡರ್ ಬದಲು ನನ್ನ ಅರೆಬರೆ ಬೈನರಿ ಓಡಿತು. ಓವರ್‌ರೈಡ್ ಜಾರಿಯಲ್ಲಿದೆ ಎಂಬ ಎಚ್ಚರಿಕೆ ಪರದೆಯಲ್ಲಿ ಬಂದಿತ್ತು, ಉದ್ದದ ಔಟ್‌ಪುಟ್ ನಡುವೆ ನಾನು ಅದನ್ನು ಗಮನಿಸಲಿಲ್ಲ. ಆ ಬೈನರಿಯಲ್ಲಿ ಒಂದು ರಿಸೋರ್ಸ್‌ನ (ಟೆರಾಫಾರ್ಮ್ ನಿರ್ವಹಿಸುವ ಡೇಟಾಬೇಸ್, ಲಾಗಿನ್‌ನಂಥ ವಸ್ತು) ಸ್ಕೀಮಾ ಆವೃತ್ತಿಯನ್ನು, ಅಂದರೆ ಅದರ ಮಾಹಿತಿಯ ವಿನ್ಯಾಸದ ಸಂಖ್ಯೆಯನ್ನು, 0ಯಿಂದ 1ಕ್ಕೆ ಏರಿಸಿದ್ದೆ. ಸೃಷ್ಟಿಯಾದವುಗಳ ದಾಖಲೆ ಇಡುವ ಸ್ಟೇಟ್ ಫೈಲಿನಲ್ಲಿ 1 ಎಂದೇ ಬರೆಯಲ್ಪಟ್ಟಿತು. ಮರುದಿನ ಗಂಗಾವತಿಯಲ್ಲಿ ಅದೇ ಯೋಜನೆಯನ್ನು ತೆರೆದಾಗ, ಈ ರಿಸೋರ್ಸ್ ಹೊಸ ಆವೃತ್ತಿಯ ಪ್ರೊವೈಡರ್‌ನಿಂದ ನಿರ್ವಹಣೆಯಾಗಿದೆ ಎಂದು ಅಲ್ಲಿನ ಟೆರಾಫಾರ್ಮ್ ಮುಂದೆ ಹೋಗಲು ಒಪ್ಪಲಿಲ್ಲ. ಮುಗಿಯದ ಕೆಲಸವನ್ನು ಅಂದು ಸಂಜೆಯೊಳಗೆ ಮುಗಿಸಿ ಬಿಡುಗಡೆ ಮಾಡಬೇಕಾಯಿತು.

ಆಮೇಲೆ ಆ ಕಡತವನ್ನು ಹೋಮ್ ಡೈರೆಕ್ಟರಿಯಿಂದ ತೆಗೆದು ಪ್ರೊವೈಡರ್‌ನ ಕೋಡ್ ಇರುವ ರೆಪೊದೊಳಗೇ ಇಟ್ಟೆ. ‘ಟಿಎಫ್ ಸಿಎಲ್ಐ ಕಾನ್ಫಿಗ್ ಫೈಲ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಅದರ ಪಾತ್ ಕೊಟ್ಟರೆ ಆ ಟರ್ಮಿನಲ್‌ನಲ್ಲಿ ಮಾತ್ರ ಓವರ್‌ರೈಡ್ ಇರುತ್ತದೆ, ಟರ್ಮಿನಲ್ ಮುಚ್ಚಿದರೆ ಹೋಗುತ್ತದೆ. ಈ ಒಂದು ಬದಲಾವಣೆ ಇಲ್ಲದೆ ಡೆವ್ ಓವರ್‌ರೈಡ್ಸ್ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮೂರನೆಯದು ಅಕ್ಸೆಪ್ಟೆನ್ಸ್ ಟೆಸ್ಟ್. ಇದರಲ್ಲಿ ಪರೀಕ್ಷೆಯನ್ನು ಗೋ ಭಾಷೆಯಲ್ಲೇ ಬರೆಯಬೇಕು; ‘ಟಿಎಫ್ ಎಸಿಸಿ’ ವೇರಿಯಬಲ್ ಕೊಟ್ಟಾಗ ಮಾತ್ರ ಅದು ಓಡುತ್ತದೆ, ನಿಜವಾದ ಟೆರಾಫಾರ್ಮ್ ಬೈನರಿಯನ್ನೇ ಕರೆದು ನಿಜವಾದ ರಿಸೋರ್ಸ್‌ಗಳನ್ನು ಸೃಷ್ಟಿಸಿ ಕೊನೆಗೆ ಅಳಿಸುತ್ತದೆ. ಹಣ ತೆರಬೇಕಾದ ಕ್ಲೌಡ್‌ಗೆ ಪ್ರೊವೈಡರ್ ಬರೆಯುವವರು ಇದರ ಖರ್ಚನ್ನು ಲೆಕ್ಕ ಹಾಕಬೇಕು. ನಮ್ಮ ಸೇವೆ ನನ್ನ ಲ್ಯಾಪ್‌ಟಾಪ್‌ನ ಡಾಕರ್‌ನಲ್ಲೇ ಓಡುವುದರಿಂದ ನನಗೆ ಖರ್ಚು ಬರಲಿಲ್ಲ. ಆದರೆ ಇಡೀ ಪರೀಕ್ಷೆಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು 8 ಜಿಬಿಯ ಯಂತ್ರದಲ್ಲಿ ಬೇರೇನೂ ಮಾಡಲಾಗದು.

ಹಾಗಿದ್ದೂ ಇದನ್ನು ಬಿಡುವಂತಿಲ್ಲ. ಪ್ರತಿ ಘಟಕಕ್ಕೂ ಫೋನ್ ನಂಬರ್‌ಗಳ ಒಂದು ಪಟ್ಟಿ ಇರುತ್ತದೆ. ಸೃಷ್ಟಿಸುವ ಫಂಕ್ಷನ್‌ನಲ್ಲಿ ನಾನು ಬಳಕೆದಾರ ಬರೆದ ಕ್ರಮದಲ್ಲೇ ಪಟ್ಟಿಯನ್ನು ಸ್ಟೇಟ್‌ಗೆ ಹಾಕಿದ್ದೆ. ಓದುವ ಫಂಕ್ಷನ್ ಮಾತ್ರ ಸರ್ವರ್ ಜೋಡಿಸಿಕೊಟ್ಟ ಏರಿಕೆ ಕ್ರಮದಲ್ಲಿ ಹಾಕುತ್ತಿತ್ತು. ಡೆವ್ ಓವರ್‌ರೈಡ್‌ನಲ್ಲಿ ನೋಡುವಾಗ ಅಪ್ಲೈ ಯಶಸ್ವಿಯಾಯಿತೆಂದು ನೋಡಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಅಕ್ಸೆಪ್ಟೆನ್ಸ್ ಟೆಸ್ಟ್ ಪ್ರತಿ ಅಪ್ಲೈ ಆದ ಮೇಲೆ ತಾನೇ ಇನ್ನೊಂದು ಪ್ಲಾನ್ ಮಾಡಿ, ಅದು ಖಾಲಿ ಇಲ್ಲದಿದ್ದರೆ ಪರೀಕ್ಷೆ ಸೋತಿತೆಂದು ಹೇಳುತ್ತದೆ. ನನ್ನ ಪಟ್ಟಿಯಲ್ಲಿ ಎರಡು ನಂಬರ್‌ಗಳು ಹಿಂದುಮುಂದಾಗಿ, ಏನೂ ಬದಲಿಸದಿದ್ದರೂ ಬದಲಾವಣೆ ಇದೆಯೆಂದು ಪ್ರತಿ ಪ್ಲಾನ್ ತೋರಿಸುತ್ತಿದ್ದುದು ಆಗ ಗೊತ್ತಾಯಿತು. ಪಟ್ಟಿಯ ಬದಲು ಕ್ರಮವಿಲ್ಲದ ಸೆಟ್ ಬಳಸಿ ಸರಿಪಡಿಸಿದೆ. ಈಗ ಪ್ರತಿ ರಾತ್ರಿ ಕೆಲಸ ಮುಗಿಸಿ ಊಟಕ್ಕೆ ಏಳುವ ಮುನ್ನ ಇದನ್ನು ಓಡಿಸಿಟ್ಟು ಹೋಗುತ್ತೇನೆ.

ಪ್ರೊವೈಡರನ್ನು ಡಿಬಗ್ಗರ್ ಅಡಿಯಲ್ಲಿ ಓಡಿಸಿ ಟೆರಾಫಾರ್ಮ್‌ಗೆ ಜೋಡಿಸುವ ರೀಅಟ್ಯಾಚ್ ವಿಧಾನವೂ ಇದೆ. ಒಂದು ಕಡೆ ಬ್ರೇಕ್‌ಪಾಯಿಂಟ್ ಹಾಕಿ ನಿಲ್ಲಿಸಿ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ; ಪ್ರತಿ ಮರುಚಾಲನೆಗೂ ಅದು ಕೊಡುವ ಹೊಸ ವೇರಿಯಬಲ್ಲನ್ನು ನಕಲು ಮಾಡಬೇಕಾದ್ದರಿಂದ ದಿನವಿಡೀ ಬಳಸುವಂಥದ್ದಲ್ಲ.

ಓಪನ್‌ಟೋಫು ಬಳಸುವವರಿಗೆ ಒಂದು ಮಾತು. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್‌ನ ಪರವಾನಗಿ ಬದಲಾದ ಮೇಲೆ ಕವಲೊಡೆದ ಈ ಉಪಕರಣದಲ್ಲಿಯೂ ಓವರ್‌ರೈಡ್ಸ್ ಹೀಗೆಯೇ ನಡೆಯುತ್ತದೆ, ಆದರೆ ಅದರ ಪೂರ್ವನಿಯೋಜಿತ ರಿಜಿಸ್ಟ್ರಿಯ ಹೋಸ್ಟ್ ಬೇರೆ. ಕಡತದಲ್ಲಿ ಟೆರಾಫಾರ್ಮ್ ರಿಜಿಸ್ಟ್ರಿಯ ಪೂರ್ಣ ವಿಳಾಸ ಬರೆದು, ಯೋಜನೆಯಲ್ಲಿ ಹೋಸ್ಟ್ ಇಲ್ಲದ ಚಿಕ್ಕ ಹೆಸರು ಬಳಸಿದ್ದರೆ ಎರಡೂ ಹೊಂದುವುದಿಲ್ಲ.

ಒಟ್ಟಿನಲ್ಲಿ ನನ್ನ ರೂಢಿ ಹೀಗಿದೆ: ಹಗಲು ಡೆವ್ ಓವರ್‌ರೈಡ್ಸ್, ರಾತ್ರಿ ಅಕ್ಸೆಪ್ಟೆನ್ಸ್ ಟೆಸ್ಟ್, ಬಿಡುಗಡೆಯಾದ ಆವೃತ್ತಿಯನ್ನು ಸಹೋದ್ಯೋಗಿಗಳಿಗೆ ತಲುಪಿಸಲು ಮಿರರ್ ಫೋಲ್ಡರ್. ಬಿಡುಗಡೆಯಾದ ಬೈನರಿ ಬದಲಾಗಬಾರದು. ಅಲ್ಲಿ ಆ ‘ಎಚ್1’ ಸಾಲು ನಮ್ಮ ಪರವಾಗಿಯೇ ನಿಲ್ಲುತ್ತದೆ. ವೇಗದ ಇಂಟರ್ನೆಟ್ಟೂ 32 ಜಿಬಿಯ ಯಂತ್ರವೂ ಇರುವವರು ಹಗಲಿನಲ್ಲೂ ಅಕ್ಸೆಪ್ಟೆನ್ಸ್ ಟೆಸ್ಟನ್ನೇ ಆರಿಸಿಕೊಳ್ಳಬಹುದು.

ಗಂಗಾವತಿಯ ಹುಡುಗನಿಗೆ ನನ್ನ ಕಡತವನ್ನೇ ಪಾತ್ ಬದಲಿಸಿ ಕಳಿಸಿದ್ದೇನೆ. ಅವನದು ವಿಂಡೋಸ್ ಯಂತ್ರ. ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬರುವಲ್ಲೆಲ್ಲ ಎರಡೆರಡು ಬರೆಯಬೇಕು, ಇಲ್ಲವೇ ಮುಂದಕ್ಕೆ ಬಾಗಿದ ಸ್ಲ್ಯಾಶ್ ಬಳಸಬೇಕು. ನಾನು ಎರಡನೆಯದನ್ನೇ ಬಳಸಿ ಕಳಿಸಿದೆ, ಮೊದಲ ಸಲಕ್ಕೇ ಪ್ಲಾನ್ ಓಡಿತು.