ಗುರುವಾರ ವಿಮರ್ಶೆ, ಶುಕ್ರವಾರ ಗಡುವು, ಶನಿವಾರ ವಿಳಂಬ: ಮುಂಗಡ ಹಣ ಕಟ್ಟುವ ಮುನ್ನ ಇದನ್ನು ಓದಿ

ಮುಂಗಡ ಬುಕಿಂಗಿನ ಹೆಸರಿನಲ್ಲಿ ಪೂರ್ತಿ ಹಣ ಕಟ್ಟಿಸಿಕೊಂಡು, ವಸ್ತುವನ್ನು ಗ್ರಾಹಕರಿಗೆ ಕೊಡದೆ ಮೊದಲು ಯೂಟ್ಯೂಬರುಗಳಿಗೆ ಕೊಟ್ಟು, ಅವರ ಹೊಗಳಿಕೆ ಬಂದ ಮರುದಿನವೇ ಹಣ ವಾಪಸು ಕೇಳುವ ಗಡುವನ್ನು ಮುಗಿಸಿ, ಅದರ ಮರುದಿನ ಬೆಳಿಗ್ಗೆ ‘ಇನ್ನೂ ತಡವಾಗುತ್ತದೆ’ ಎಂದು ಮೇಲ್ ಕಳಿಸುವ ವ್ಯವಹಾರವೊಂದರಲ್ಲಿ ನಾನು ಸಿಕ್ಕಿಬಿದ್ದಿದ್ದೇನೆ. ನಾನೊಬ್ಬಳೇ ಆಗಿದ್ದರೆ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಆದರೆ ನನ್ನ ಮಾತನ್ನು ನಂಬಿ ಇನ್ನೂ ಮೂವರು ಹಣ ಕಟ್ಟಿದರು, ಅವರಲ್ಲೊಬ್ಬರು ಪ್ರೌಢಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ದೂರು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಕಂಪನಿಯ ಹೆಸರನ್ನು ಇಲ್ಲಿ ಹಾಕಿಲ್ಲ.

ನಾನು ಮೈಸೂರಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ದಿನವಿಡೀ ಕಂಪ್ಯೂಟರ್ ಪರದೆ ನೋಡಿ ಕಣ್ಣು ಉರಿಯುತ್ತಿದ್ದುದರಿಂದ, ಕಾಗದದಂತೆಯೇ ಕಾಣುವ, ಪೆನ್ನಿನಿಂದ ಪುಟದ ಮೇಲೆಯೇ ತಿದ್ದಬಹುದಾದ ಇ-ಇಂಕ್ ಟ್ಯಾಬ್ಲೆಟ್ ಒಂದನ್ನು ಕೊಳ್ಳಬೇಕೆಂದು ಎರಡು ವರ್ಷದಿಂದ ಹಣ ಕೂಡಿಡುತ್ತಿದ್ದೆ. ಕಳೆದ ಮೇ ತಿಂಗಳಿನಲ್ಲಿ ನಮ್ಮ ದೇಶದ್ದೇ ಆದ ಹೊಸ ಕಂಪನಿಯೊಂದು ಅಂಥದ್ದೊಂದನ್ನು ಪ್ರಕಟಿಸಿತು. ಮುಂಗಡವಾಗಿ ಕೊಂಡರೆ 27,999 ರೂಪಾಯಿ, ಆಮೇಲೆ 34,999. ಜುಲೈ ಕೊನೆಯ ವಾರದಲ್ಲಿ ಕೈಗೆ ಬರುತ್ತದೆ ಎಂದಿದ್ದರು. ಜಾಹೀರಾತಿನ ಚಿತ್ರದಲ್ಲಿ ಪರದೆಯ ಮೇಲೆ ಕನ್ನಡದ ಪುಟವೊಂದಿತ್ತು. ಆ ಚಿತ್ರಕ್ಕೇ ನಾನು ಮನಸೋತದ್ದು. ಮೇ 12ರಂದು ಯುಪಿಐ ಮೂಲಕ ಪೂರ್ತಿ ಹಣ ಕಟ್ಟಿದೆ.

ಜುಲೈ ಕೊನೆಯಲ್ಲಿ ಬಂದದ್ದು ಟ್ಯಾಬ್ಲೆಟ್ ಅಲ್ಲ, ಮೇಲ್. ಪರದೆಗಳ ಪೂರೈಕೆ ತಡವಾಗಿದೆ, ಆಗಸ್ಟ್ ಕೊನೆಗೆ ಕಳಿಸುತ್ತೇವೆ ಎಂದಿತ್ತು. ಇಂಥ ಪರದೆಗಳ ಬಹುಪಾಲು ತೈವಾನಿನ ಒಂದೇ ಕಂಪನಿಯಿಂದ ಬರುತ್ತದೆ ಎಂಬುದು ನನಗೆ ಗೊತ್ತಿತ್ತು, ಆದ್ದರಿಂದ ನಂಬಿದೆ. ಆಗಸ್ಟ್ 27ಕ್ಕೆ ಎರಡನೆಯ ಮೇಲ್ ಬಂತು: ಸೆಪ್ಟೆಂಬರ್ ಕೊನೆ. ಕಾಯಲು ಇಷ್ಟವಿಲ್ಲದವರು ಸೆಪ್ಟೆಂಬರ್ 5ರ ಮಧ್ಯರಾತ್ರಿಯೊಳಗೆ ಆರ್ಡರ್ ರದ್ದು ಮಾಡಿದರೆ ಪೂರ್ತಿ ಹಣ ವಾಪಸು, ಆಮೇಲೆ ರದ್ದು ಮಾಡಿದರೆ ಶೇಕಡಾ 10ನ್ನು ‘ಪ್ರಕ್ರಿಯಾ ಶುಲ್ಕ’ವಾಗಿ ಹಿಡಿದುಕೊಳ್ಳುತ್ತೇವೆ ಎಂದು ಅದರ ಕೊನೆಯ ಸಾಲಿನಲ್ಲಿತ್ತು.

ಸೆಪ್ಟೆಂಬರ್ 2, ಮಂಗಳವಾರ, ನಾನು ರದ್ದು ಮಾಡಲು ಅರ್ಜಿ ಹಾಕಿದೆ. ಇದನ್ನು ದಯವಿಟ್ಟು ಗಮನಿಸಿ: ನಾನು ರದ್ದು ಮಾಡಿದ್ದೆ. ಅರ್ಧ ಗಂಟೆಯೊಳಗೆ ಗ್ರಾಹಕ ಸೇವೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಬಹಳ ವಿನಯದ ಹುಡುಗ. "ಮೇಡಂ, ಇಷ್ಟು ದಿನ ಕಾದಿದ್ದೀರಿ, ಇನ್ನು ಎರಡೇ ದಿನ ನೋಡಿ. ಗುರುವಾರ ಎಲ್ಲ ದೊಡ್ಡ ಚಾನೆಲ್‌ಗಳಲ್ಲಿ ವಿಮರ್ಶೆ ಬರುತ್ತದೆ. ನೋಡಿದ ಮೇಲೂ ಬೇಡ ಅನ್ನಿಸಿದರೆ ಶುಕ್ರವಾರ ರದ್ದು ಮಾಡಿ, ನಾನೇ ಮಾಡಿಸಿಕೊಡುತ್ತೇನೆ" ಎಂದ. ನ್ಯಾಯವಾದ ಮಾತು ಎಂದುಕೊಂಡು ಅರ್ಜಿಯನ್ನು ತಡೆಹಿಡಿಯಲು ಒಪ್ಪಿದೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಒಂದರ ಹಿಂದೊಂದು ಎಂಟು ವಿಡಿಯೊಗಳು ಬಂದವು. ಎಂಟರಲ್ಲೂ ಹೊಗಳಿಕೆಯೇ. ಬರೆದರೆ ಕಾಗದದ ಮೇಲೆ ಬರೆದಂತಿದೆ, ಪುಟ ತಿರುಗುವಾಗ ಹಿಂದಿನ ಪುಟದ ನೆರಳು ಉಳಿಯುವುದಿಲ್ಲ, ಭಾರತದಲ್ಲಿ ಇಂಥದ್ದು ಬಂದೇ ಇಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೂರನ್ನು ಪೂರ್ತಿ ನೋಡಿದೆ. ಮನಸ್ಸು ತುಂಬಿತು. ರದ್ದು ಮಾಡುವ ಅರ್ಜಿಯನ್ನು ಹಿಂತೆಗೆದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವ ಇಬ್ಬರಿಗೆ ಮತ್ತು ಮೇಷ್ಟ್ರಿಗೆ ವಿಡಿಯೊ ಕಳಿಸಿ, "ನಾನು ಮೇ ತಿಂಗಳಿನಲ್ಲೇ ಬುಕ್ ಮಾಡಿದ್ದೇನೆ, ನೀವೂ ಮಾಡಬಹುದು" ಎಂದು ಬರೆದೆ. ಕಣ್ಣಿನ ಪೊರೆ ತೆಗೆಸಿಕೊಂಡು ಮತ್ತೆ ಓದು ಶುರುಮಾಡಿದ್ದ ಮೇಷ್ಟ್ರು ಅಂದು ಸಂಜೆಯೇ ಪಿಂಚಣಿಯ ಹಣದಲ್ಲಿ ಒಂದನ್ನು ಬುಕ್ ಮಾಡಿ, ರಸೀದಿಯ ಚಿತ್ರವನ್ನು ನನಗೆ ಕಳಿಸಿ, "ನೀನು ಹೇಳಿದ ಮೇಲೆ ಇನ್ನೇನಮ್ಮಾ" ಎಂದು ಬರೆದರು. ಆ ಸಾಲು ಈಗಲೂ ನನ್ನ ಫೋನಿನಲ್ಲಿದೆ.

ಶುಕ್ರವಾರ ಮಧ್ಯರಾತ್ರಿಗೆ ಗಡುವು ಮುಗಿಯಿತು.

ಶನಿವಾರ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಮೂರನೆಯ ಮೇಲ್ ಬಂತು. ‘ಅಭೂತಪೂರ್ವ ಬೇಡಿಕೆಯ ಕಾರಣ’ ನನ್ನ ಆರ್ಡರ್ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ತಲುಪಬಹುದು ಎಂದಿತ್ತು. ನಾನು ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತು ಅದನ್ನು ಎರಡು ಸಲ ಓದಿದೆ. ಗುರುವಾರ, ಶುಕ್ರವಾರ, ಶನಿವಾರ ಎಂದು ಬೆರಳು ಮಡಿಸಿ ಎಣಿಸಿದೆ. ಬುಕಿಂಗ್ ಮಾಡಿ ನಾಲ್ಕು ತಿಂಗಳು ಕಾದ ನನ್ನಂಥವರ ಸರದಿ ಹಿಂದೆ ಬೀಳಲು, ಗುರುವಾರದ ವಿಡಿಯೊ ನೋಡಿ ಹೊಸದಾಗಿ ಬುಕ್ ಮಾಡಿದವರ ಬೇಡಿಕೆ ಹೇಗೆ ಕಾರಣವಾಗುತ್ತದೆ? ನಮ್ಮ ಹಣ ಮೇ ತಿಂಗಳಿನಿಂದ ಅವರ ಬಳಿ ಇತ್ತಲ್ಲ! ಶನಿವಾರ ಬೆಳಿಗ್ಗೆ ಕಳಿಸಿದ ಸುದ್ದಿ ಶುಕ್ರವಾರ ಗೊತ್ತಿರಲಿಲ್ಲವೇ? ಗುರುವಾರ ಗೊತ್ತಿರಲಿಲ್ಲವೇ? ಆ ಹುಡುಗ ಫೋನ್ ಮಾಡಿದ ಮಂಗಳವಾರ ಗೊತ್ತಿರಲಿಲ್ಲವೇ?

ಆ ದಿನ ಮಧ್ಯಾಹ್ನ ವಿಡಿಯೊಗಳನ್ನು ಮತ್ತೆ ನೋಡಲು ಕೂತೆ. ಅವುಗಳಲ್ಲಿ ಒಂದರಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲು ಅದನ್ನು ತಿರುಗಿಸಿ ಹಿಂಬದಿ ತೋರಿಸುತ್ತಾರೆ. ಅಲ್ಲಿ ನಿಲ್ಲಿಸಿ, ಫೋನಿನಲ್ಲಿ ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಿದೆ. ಕರಡು ತಿದ್ದುವವಳಿಗೆ ಸಣ್ಣ ಅಕ್ಷರ ಓದುವುದು ಕಷ್ಟವಲ್ಲ. ಗರಿಷ್ಠ ಮಾರಾಟ ಬೆಲೆ ಮತ್ತು ಗ್ರಾಹಕ ಸೇವೆಯ ಸಂಖ್ಯೆಯ ಜೊತೆಗೆ ತಯಾರಿಕೆಯ ತಿಂಗಳನ್ನೂ ಚೀಟಿಯಲ್ಲಿ ಮುದ್ರಿಸಿದ್ದರು: ಜುಲೈ. ಪರದೆಗಳೇ ಬಂದಿಲ್ಲ ಎಂದು ನಮಗೆ ಮೇಲ್ ಬರೆದ ಅದೇ ಜುಲೈ. ಮಾದರಿಗಾಗಿ ನಾಲ್ಕಾರು ಮೊದಲೇ ತಯಾರಾಗಿರಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ಜುಲೈನಲ್ಲಿ ತಯಾರಾದದ್ದನ್ನು ವಿಮರ್ಶಕರು ತೋರಿಸುವ ದಿನವು ನಮ್ಮ ಗಡುವಿನ ಹಿಂದಿನ ದಿನವೇ ಏಕಾಗಬೇಕಿತ್ತು ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನೇ ಬರೆದು ಕೇಳಿದೆ. ಮೊದಲ ಉತ್ತರ: "ನಿಮ್ಮ ತಾಳ್ಮೆಗೆ ಧನ್ಯವಾದಗಳು." ಎರಡನೆಯ ಉತ್ತರ: "ಮಾಧ್ಯಮದವರಿಗೆ ಕೊಡುವ ಘಟಕಗಳು ಪ್ರತ್ಯೇಕ, ಅವುಗಳಿಗೂ ಗ್ರಾಹಕರ ಆರ್ಡರುಗಳಿಗೂ ಸಂಬಂಧವಿಲ್ಲ." ಮೂರನೆಯ ಉತ್ತರ: "ವಿಮರ್ಶೆಗಳು ಯಾವಾಗ ಪ್ರಕಟವಾಗಬೇಕೆಂಬುದನ್ನು ಕಂಪನಿ ನಿರ್ಧರಿಸುವುದಿಲ್ಲ." ಈ ಮೂರನೆಯದನ್ನು ಓದಿದಾಗ ಮೈಯೆಲ್ಲ ಉರಿಯಿತು. ಒಬ್ಬ ಯೂಟ್ಯೂಬರ್ ತನ್ನ ವಿಡಿಯೊದ ಮೊದಲ ನಿಮಿಷದಲ್ಲೇ, "ಎಂಬಾರ್ಗೊ ಇದ್ದ ಕಾರಣ ಇವತ್ತು ಹನ್ನೊಂದು ಗಂಟೆಯವರೆಗೆ ತೋರಿಸುವ ಹಾಗಿರಲಿಲ್ಲ" ಎಂದಿದ್ದಾನೆ. ಇಂತಿಷ್ಟು ಗಂಟೆಯವರೆಗೆ ಪ್ರಕಟಿಸಬಾರದು ಎಂಬ ಕಟ್ಟಳೆಯನ್ನು ಹಾಕುವವರು ಯಾರು? ವಸ್ತುವನ್ನು ಕೊಟ್ಟವರೇ. ಕಂಪನಿ ನಿರ್ಧರಿಸುವುದಿಲ್ಲವಾದರೆ ಗುರುವಾರದ ಸಂಗತಿ ಮಂಗಳವಾರವೇ ಗ್ರಾಹಕ ಸೇವೆಯ ಹುಡುಗನಿಗೆ ಗೊತ್ತಾದದ್ದು ಹೇಗೆ? ಇದನ್ನು ಬರೆದು ಕೇಳಿದ್ದಕ್ಕೆ ನಾಲ್ಕನೆಯ ಉತ್ತರವಾಗಿ ಮತ್ತೆ "ನಿಮ್ಮ ತಾಳ್ಮೆಗೆ ಧನ್ಯವಾದಗಳು" ಎಂದೇ ಬಂತು.

ತಡವಾಗುವುದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿರುವ ಅಕ್ಕನ ಮಗನೊಡನೆ ಇದನ್ನು ಹೇಳಿಕೊಂಡಾಗ ಅವನು ತಾನು ಕೊಂಡಿದ್ದ ಸ್ಟೀಮ್ ಡೆಕ್ ಎಂಬ ಗೇಮ್ ಆಡುವ ಯಂತ್ರದ ಕತೆ ಹೇಳಿದ. 2021ರ ಜುಲೈಯಲ್ಲಿ ಅದನ್ನು ಕಾದಿರಿಸಲು ತೆಗೆದುಕೊಂಡದ್ದು 5 ಡಾಲರ್ ಮಾತ್ರ. ಡಿಸೆಂಬರಿಗೆ ಬರಬೇಕಾದದ್ದು ಎರಡು ತಿಂಗಳು ತಡವೆಂದು ನವೆಂಬರಿನಲ್ಲೇ ತಿಳಿಸಿದರು. 2022ರ ಫೆಬ್ರವರಿ 25ರಂದು ವಿಮರ್ಶೆಗಳು ಹೊರಬಂದ ದಿನವೇ, ಕಾದಿರಿಸಿದವರ ಮೊದಲ ತಂಡಕ್ಕೆ "ಈಗ ಉಳಿದ ಹಣ ಕಟ್ಟಿ ಕೊಳ್ಳಬಹುದು" ಎಂಬ ಮೇಲ್ ಹೋಯಿತು. "ವಿಮರ್ಶೆ ಓದಿ ಬೇಡವೆನಿಸಿದರೆ ಹೋಗುತ್ತಿದ್ದುದೇನು ಚಿಕ್ಕಮ್ಮ, ಹಣವಿನ್ನೂ ನನ್ನ ಹತ್ತಿರವೇ ಇತ್ತಲ್ಲ" ಎಂದ. ನನ್ನ ಹಣ ಎಲ್ಲಿತ್ತು? ನಾಲ್ಕು ತಿಂಗಳಿನಿಂದ ಅವರ ಖಾತೆಯಲ್ಲಿತ್ತು. ವ್ಯತ್ಯಾಸವಿರುವುದು ಅಲ್ಲಿಯೇ.

ಗ್ರಾಹಕರ ಕೈಗೆ ಒಂದೂ ಬಾರದಿರುವ ಆ ದಿನಗಳಲ್ಲಿ ವಿಮರ್ಶಕರು ಹೇಳಿದ್ದೇ ವೇದವಾಕ್ಯ, ಏಕೆಂದರೆ "ನನ್ನದು ಹಾಗಿಲ್ಲ" ಎನ್ನಲು ಯಾರ ಬಳಿಯೂ ವಸ್ತುವೇ ಇರುವುದಿಲ್ಲ. ವಿಮರ್ಶಕರ ಬಳಿ ಅದು ಇದ್ದದ್ದಾದರೂ ವಾರವೋ ಹತ್ತು ದಿನವೋ. ಬ್ಯಾಟರಿ ಸೊರಗುವುದು, ಪೆನ್ನಿನ ತುದಿ ಸವೆಯುವುದು ಅಷ್ಟರಲ್ಲಿ ತಿಳಿಯುವುದಿಲ್ಲ. ಅವರಿಗೆ ಆರಿಸಿ ಕೊಟ್ಟ ಘಟಕವೂ ನಮಗೆ ಬರುವ ಘಟಕವೂ ಒಂದೇ ಎಂಬುದಕ್ಕೆ ಖಾತರಿ ಇಲ್ಲ. 2016ರ ಫೆಬ್ರವರಿಯಲ್ಲಿ 251 ರೂಪಾಯಿಯ ಫ್ರೀಡಂ 251 ಫೋನಿನ ಗದ್ದಲವೆದ್ದಾಗ, ಪತ್ರಕರ್ತರಿಗೆ ಕೊಟ್ಟ ಫೋನಿನ ಮೇಲಿದ್ದ ಆಡ್‌ಕಾಂ ಎಂಬ ಬೇರೆ ಕಂಪನಿಯ ಹೆಸರನ್ನು ವೈಟ್ನರ್ ಬಳಿದು ಮುಚ್ಚಿದ್ದು ಪತ್ರಿಕೆಗಳಲ್ಲೇ ಬಂದಿತ್ತು. ಅದನ್ನು ಓದಿ ಅಂದು ಎಲ್ಲರಿಗೂ ಬುದ್ಧಿ ಹೇಳಿದವಳು ನಾನು.

ನನ್ನ ಟ್ಯಾಬ್ಲೆಟ್ ನವೆಂಬರ್ 11ಕ್ಕೆ ಬಂತು. ಪುಟ ತಿರುಗಿಸಿದರೆ ಹಿಂದಿನ ಪುಟದ ಸಾಲುಗಳು ಮಸುಕಾಗಿ ಉಳಿಯುತ್ತವೆ. ಪಿಡಿಎಫ್ ಪುಟಗಳು ಹೇಗೋ ಸರಿಯಾಗಿ ಕಾಣುತ್ತವೆ, ಆದರೆ ಕನ್ನಡದ ಇ-ಪುಸ್ತಕ ತೆರೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಅಕ್ಷರ’ ಎಂಬುದು ಅ, ಕ್, ಷ, ರ ಎಂದು ಒಡೆದು ಕಾಣುತ್ತದೆ. ಎಂಟು ವಿಡಿಯೊಗಳಲ್ಲಿ ಒಬ್ಬರೂ ಒಂದು ಕನ್ನಡ ಪುಸ್ತಕವನ್ನು ತೆರೆದು ನೋಡಿರಲಿಲ್ಲ. ಮೇಷ್ಟ್ರಿಗೆ ಅದೂ ಬರಲಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿದಾಗ ಮೊದಲು ನನ್ನ ಮಕ್ಕಳ ಓದನ್ನು ವಿಚಾರಿಸಿ, ಕೊನೆಗೆ ಮೆಲ್ಲನೆ, "ಅದೇನಾದರೂ ಸುದ್ದಿ ಬಂತೇನಮ್ಮಾ?" ಎನ್ನುತ್ತಿದ್ದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ನಿಮಗೆ ಹೇಳಬೇಕಾದದ್ದು ಇಷ್ಟು. ಮುಂಗಡ ಕೊಡಲೇಬೇಕಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ, ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ವಾಪಸು ತರಿಸಿಕೊಡಿ ಎಂದು ಕೇಳಲು, ಬ್ಯಾಂಕಿನ ಮೂಲಕ ಒಂದು ದಾರಿಯಾದರೂ ಇರುತ್ತದೆ. ನಾನು ಕಟ್ಟಿದ್ದು ಯುಪಿಐಯಲ್ಲಿ. ರದ್ದು ಮಾಡಲು ಮನಸ್ಸು ಮಾಡಿದ ಮೇಲೆ ಯಾರು ಫೋನ್ ಮಾಡಿ ಎಷ್ಟು ಚೆನ್ನಾಗಿ ಮಾತಾಡಿದರೂ ಅರ್ಜಿಯನ್ನು ಹಿಂತೆಗೆದುಕೊಳ್ಳಬೇಡಿ. ಶೇಕಡಾ 10 ಹಿಡಿದುಕೊಳ್ಳುತ್ತೇವೆ ಎಂದರೆ 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳನ್ನು ಅವರಿಗೆ ತೋರಿಸಿ: ತಾನೇ ಏಕಪಕ್ಷೀಯವಾಗಿ ಆರ್ಡರ್ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಭರಿಸದ ಕಂಪನಿ ಗ್ರಾಹಕರಿಂದ ರದ್ದತಿ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಅದೇ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಿಂದಲೂ ಆಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವಿಲ್ಲ. ಇದೆಲ್ಲ ನನಗೆ ತಿಳಿದದ್ದು ಹಣ ಹೋದ ಮೇಲೆ.

1915ಕ್ಕೆ ದೂರು ಕೊಟ್ಟು ಮೂರು ವಾರಕ್ಕೆ, ಡಿಸೆಂಬರ್ 9ರಂದು, ಮೇಷ್ಟ್ರ ಹಣ ಪೂರ್ತಿಯಾಗಿ ವಾಪಸು ಬಂತು. ಜೊತೆಯವರಿಬ್ಬರಲ್ಲಿ ಒಬ್ಬಳಿಗೆ ಬಂದಿದೆ, ಇನ್ನೊಬ್ಬರಿಗೆ ಶೇಕಡಾ 10 ಮುರಿದುಕೊಂಡು ಕೊಟ್ಟಿದ್ದಾರೆ. ನನ್ನ ವಿಷಯಕ್ಕೆ, "ವಸ್ತು ತಲುಪಿರುವುದರಿಂದ ಇದು ರದ್ದತಿಯ ಪ್ರಕರಣವಲ್ಲ, ಕನ್ನಡದ ಸಮಸ್ಯೆಯನ್ನು ಮುಂದಿನ ಅಪ್‌ಡೇಟಿನಲ್ಲಿ ಸರಿಪಡಿಸಲಾಗುವುದು" ಎಂದು ಉತ್ತರ ಬಂದಿದೆ. ಅಪ್‌ಡೇಟ್ ಬಂದಿಲ್ಲ. ಜಿಲ್ಲಾ ಆಯೋಗಕ್ಕೆ ಕೊಡಲು ರಸೀದಿ, ಮೂರು ಮೇಲ್‌ಗಳು, ಪೆಟ್ಟಿಗೆಯ ಚೀಟಿಯ ಚಿತ್ರ ಎಲ್ಲವನ್ನೂ ಮುದ್ರಿಸಿ ಕಡತ ಮಾಡಿಟ್ಟಿದ್ದೇನೆ. ಅದೇ ಮೇ ತಿಂಗಳಿನಲ್ಲಿ ಹಣ ಕಟ್ಟಿ ಕಾದವರು ನಿಮ್ಮಲ್ಲಿ ಇದ್ದರೆ ನಿಮ್ಮ ಮೇಲ್‌ಗಳ ದಿನಾಂಕಗಳನ್ನು ತೆಗೆದು ನೋಡಿ.

ಆ ಎಂಟು ವಿಡಿಯೊಗಳು ಹಾಗೆಯೇ ಇವೆ. ಅವುಗಳ ಕೆಳಗಿರುವ ಕೊಂಡಿಯನ್ನು ನಿನ್ನೆ ಒತ್ತಿ ನೋಡಿದೆ. ಅದು ಈಗ ದೊಡ್ಡ ಪರದೆಯ ಹೊಸ ಮಾದರಿಯ ಪುಟಕ್ಕೆ ಹೋಗುತ್ತದೆ. ಮುಂಗಡ ಬುಕಿಂಗ್ ಶುರುವಾಗಿದೆ, ಪೂರ್ತಿ ಹಣ ಮೊದಲೇ ಕಟ್ಟಬೇಕು, ಜೂನ್ ಕೊನೆಯ ವಾರದಲ್ಲಿ ಕೈಗೆ ಬರುತ್ತದೆ ಎಂದು ಬರೆದಿದೆ.