ಮರದ ನೆಲ ಉಳಿಸಲು ಹೋಗಿ ಬೆಕ್ಕನ್ನೇ ಕಳೆದುಕೊಳ್ಳುವವಳಿದ್ದೆ

ಮನೆಯಲ್ಲಿ ಬೆಕ್ಕಿದೆಯಾ? ನೆಲ ಒರೆಸುವ ಬಕೆಟ್‌ಗೆ ಫಿನಾಯಿಲ್ಲೋ ನೀಲಗಿರಿ ಎಣ್ಣೆಯೋ ಹಾಕುತ್ತೀರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ನೆಲದ ಮೇಲಿನ ನಾಲ್ಕು ಗೀರಿಗೆ ಹೆದರಿ ನಾನು ಮಾಡಿದ ಎಡವಟ್ಟುಗಳ ಕಥೆ ಇದು.

ನಾವಿರುವುದು ಬೆಂಗಳೂರಿನ ಬಾಡಿಗೆ ಫ್ಲ್ಯಾಟ್‌ನಲ್ಲಿ. ಹಾಲ್‌ಗೆಲ್ಲ ಟೈಲ್ಸ್, ಮಾಸ್ಟರ್ ಬೆಡ್‌ರೂಮಿಗೆ ಮಾತ್ರ ವುಡನ್ ಫ್ಲೋರಿಂಗ್. ಅಗ್ರಿಮೆಂಟ್‌ಗೆ ಸಹಿ ಹಾಕುವ ದಿನವೇ ಓನರ್ ಅಂಕಲ್ 'ಆ ರೂಮಿನ ನೆಲ ಹುಷಾರಮ್ಮ' ಅಂತ ಎರಡು ಸಲ ಹೇಳಿದ್ದರು. ಆಗ ಬೆಕ್ಕಿರಲಿಲ್ಲ. ಆಮೇಲೆ ಒಂದು ಮಳೆಗಾಲದ ರಾತ್ರಿ ಪಾರ್ಕಿಂಗ್‌ನಲ್ಲಿ ನನ್ನ ಸ್ಕೂಟರ್ ಸೀಟಿನ ಮೇಲೆ ಒದ್ದೆಯಾಗಿ ಕೂತಿದ್ದ ಮರಿಯೊಂದು ಮನೆಗೆ ಬಂತು. ಅಚ್ಚುಬೆಲ್ಲದ ಬಣ್ಣ. ಹೆಸರೂ ಬೆಲ್ಲ. ಗಂಡು ಮರಿ. ಈ ಬಣ್ಣದವುಗಳಲ್ಲಿ ಗಂಡೇ ಜಾಸ್ತಿಯಂತೆ.

ಆರೇಳು ತಿಂಗಳಾಗುವಷ್ಟರಲ್ಲಿ ಬೆಡ್‌ರೂಮಿನ ನೆಲದಲ್ಲಿ ಬಿಳಿ ಗೀರುಗಳು ಕಾಣಿಸಿಕೊಂಡವು. ಕಿಟಕಿ ಕೆಳಗೆ ಸ್ವಲ್ಪ, ನಾನು ಕೂತು ಕೆಲಸ ಮಾಡುವ ಮೇಜಿನ ಹತ್ತಿರ ತುಂಬಾ. ಬೆಕ್ಕಿನ ಉಗುರೇ ಕಾರಣ ಅಂತ ತೀರ್ಮಾನ ಮಾಡಿಬಿಟ್ಟೆ. ಬೇರೆ ಯಾರಿದ್ದಾರೆ ಮನೆಯಲ್ಲಿ ಉಗುರು ಇರುವವರು?

ಮೊದಲ ತಪ್ಪು ಪಾಲಿಶ್. ಹಾರ್ಡ್‌ವೇರ್ ಅಂಗಡಿಯಿಂದ ಮೇಣದ ಪಾಲಿಶ್ ತಂದು ಇಡೀ ಭಾನುವಾರ ಕೂತು ತಿಕ್ಕಿದೆ. ಸಂಜೆಗೆ ನೆಲ ಕನ್ನಡಿಯಂತೆ ಹೊಳೆಯಿತು. ಎರಡನೇ ದಿನಕ್ಕೆ ಮಬ್ಬು ಮಬ್ಬಾಯಿತು. ಅದಕ್ಕಿಂತ ಮುಖ್ಯವಾಗಿ, ಜಾರತೊಡಗಿತು. ಬೆಕ್ಕು ನಡೆಯುವಾಗ ಮುಂಗಾಲಿನ ಉಗುರು ಒಳಗೇ ಇರುತ್ತದೆ. ಓಡಿ ತಿರುಗುವಾಗ ಕಾಲು ಜಾರಿದರೆ ಹಿಡಿತಕ್ಕಾಗಿ ಉಗುರು ಹೊರಗೆ ಹಾಕುತ್ತದೆ. ಅಂದರೆ ಗೀರು ಬೀಳದಿರಲಿ ಅಂತ ನಾನೇ ದುಡ್ಡು ಕೊಟ್ಟು ಗೀರು ಬೀಳುವ ಹಾಗೆ ಮಾಡಿದ್ದೆ.

ಎರಡನೇ ತಪ್ಪು ಪ್ಲಾಸ್ಟಿಕ್ ಶೀಟ್. ಊಟದ ಮೇಜಿಗೆ ಹಾಸುವ ದಪ್ಪ ಶೀಟನ್ನು ಮೀಟರ್ ಲೆಕ್ಕದಲ್ಲಿ ತಂದು, ಗೋಡೆಯಿಂದ ಗೋಡೆಗೆ ಹಾಸಿ, ಅಂಚಿಗೆ ಟೇಪ್ ಹಚ್ಚಿದೆ. ಅವನು ಕಕ್ಕ-ಉಚ್ಚೆ ಮಾಡುವ ಮಣ್ಣು ತುಂಬಿದ ಟ್ರೇ ಇದ್ದದ್ದು ಅದೇ ರೂಮಿನ ಮೂಲೆಯಲ್ಲಿ. ಆಗಿನ್ನೂ ಅವನಿಗೆ ಸಂತಾನಹರಣ ಆಪರೇಷನ್ ಮಾಡಿಸಿರಲಿಲ್ಲ. ಗಂಡು ಬೆಕ್ಕು ಬೆಳೆದ ಮೇಲೆ ಮೂಲೆ ಮೂಲೆಗೆ ಗುರುತು ಹಾಕುತ್ತದೆ ಅಂತ ಕೇಳಿದ್ದೆ, ನಮ್ಮವನು ಹಾಗಲ್ಲ ಅಂದುಕೊಂಡಿದ್ದೆ. ಅವನು ಹಾಗೇ ಆಗಿದ್ದ. ಉಚ್ಚೆ ಶೀಟಿನ ಅಂಚಿನಿಂದ ಕೆಳಗೆ ಇಳಿದು ದಿನಗಟ್ಟಲೆ ಅಲ್ಲೇ ನಿಂತಿದೆ. ವಾಸನೆ ಬಂದು ಶೀಟ್ ಎತ್ತಿದಾಗ ಹಲಗೆಗಳ ಜೋಡಣೆ ಹಪ್ಪಳದ ಅಂಚಿನ ಹಾಗೆ ಮೇಲೆದ್ದಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಫ್ಲ್ಯಾಟ್‌ಗಳಲ್ಲಿ ವುಡನ್ ಫ್ಲೋರಿಂಗ್ ಅಂತ ಕೊಡುವುದು ಬಹಳ ಕಡೆ ಮರವೇ ಅಲ್ಲ, ಲ್ಯಾಮಿನೇಟ್. ಮರದ ನಾರನ್ನು ಒತ್ತಿ ಮಾಡಿದ ಬೋರ್ಡ್, ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಗಟ್ಟಿ ಪಾರದರ್ಶಕ ಪದರ. ಎಲ್ಲ ಸೇರಿ 8 ಮಿಲಿಮೀಟರ್ ಇರಬಹುದು. ಮೇಲಿನ ಪದರ ಗಟ್ಟಿಯೇ. ಆದರೆ ಜೋಡಣೆಯೊಳಗೆ ನೀರು ಇಳಿದರೆ ಬೋರ್ಡ್ ಉಬ್ಬುತ್ತದೆ, ಒಣಗಿದರೂ ಮೊದಲಿನ ಹಾಗೆ ಕೂರುವುದಿಲ್ಲ. ನಿಜವಾದ ಮರವಾದರೆ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು. ಇದನ್ನು ಉಜ್ಜಿದರೆ ಮರದ ಚಿತ್ರವೇ ಹೋಗುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯಲ್ಲಿ ಹಲಸಿನ ಮರದ ಕಂಬಕ್ಕೆ ಎಷ್ಟೋ ತಲೆಮಾರಿನ ಬೆಕ್ಕುಗಳು ಉಗುರು ಕೆರೆದಿವೆ. ಅದರ ಬಗ್ಗೆ ಒಬ್ಬರೂ ತಲೆ ಕೆಡಿಸಿಕೊಂಡದ್ದು ನೆನಪಿಲ್ಲ.

ಮೂರನೆಯದು ತಪ್ಪಲ್ಲ, ಅಪರಾಧ ಅಂತಲೇ ಹೇಳುತ್ತೇನೆ. ವಾಸನೆ ಹೋಗಲಿ ಅಂತ ಬಕೆಟ್‌ಗೆ ಕಪ್ಪು ಫಿನಾಯಿಲ್ ಸುರಿದೆ. ಫೋನಿನಲ್ಲಿ ದೊಡ್ಡಮ್ಮ 'ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕೇ, ಆ ಕಡೆ ತಲೆಯೇ ಹಾಕಲ್ಲ' ಅಂದರು. ನಾಲ್ಕಲ್ಲ, ಒಂದು ಮುಚ್ಚಳ ಹಾಕಿದೆ. ಒರೆಸಿ, ಬಾಗಿಲು ಹಾಕದೆ, ಮೀಟಿಂಗ್‌ಗೆ ಕೂತೆ. ಬೆಲ್ಲ ಒದ್ದೆ ನೆಲದ ಮೇಲೆ ಓಡಾಡಿದ್ದಾನೆ. ಆಮೇಲೆ ಎಲ್ಲ ಬೆಕ್ಕುಗಳೂ ಮಾಡುವುದನ್ನೇ ಮಾಡಿದ್ದಾನೆ. ಸೋಫಾದಲ್ಲಿ ಕೂತು ಒಂದೊಂದೇ ಪಾದ ನೆಕ್ಕಿ ಸ್ವಚ್ಛ ಮಾಡಿಕೊಂಡಿದ್ದಾನೆ.

ಮಧ್ಯಾಹ್ನ ನೋಡಿದರೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಎದ್ದು ನಿಲ್ಲಲು ಹೋಗಿ ಹಿಂಗಾಲು ತೂರಾಡಿ ಬಿದ್ದ. ಎರಡು ಸಲ ವಾಂತಿ ಮಾಡಿದ. ನಾನು ಬಿಸಿಲಿಗೆ ಇರಬಹುದು ಅಂತ ನೀರು ಇಟ್ಟು ಅರ್ಧ ಗಂಟೆ ಕಾದೆ. ಆ ಅರ್ಧ ಗಂಟೆ ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತದೆ.

ಡಾಕ್ಟರು ಅವನ ಪಾದ ಮೂಸಿ ನೋಡಿದರು. ಮೊದಲು ಕೇಳಿದ್ದೇ 'ನೆಲಕ್ಕೆ ಏನು ಹಾಕಿ ಒರೆಸಿದಿರಿ?' ಅಂತ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನಾಲ್ಕೂ ಕಾಲು ತೊಳೆಸಿ ಡ್ರಿಪ್ ಹಾಕಿದರು. ಹೀಗಾದಾಗ ನಾವೇ ಮನೆಯಲ್ಲಿ ವಾಂತಿ ಮಾಡಿಸಲು ಹೋಗಲೇಬಾರದು, ಬರುವಾಗ ಗಂಟಲು ಇನ್ನೊಮ್ಮೆ ಸುಡುತ್ತದೆ ಅಂದರು. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಮ್ಮ ಲಿವರ್ ಒಂದು ಎಂಜೈಮಿನ ಸಹಾಯದಿಂದ ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕುಗಳಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ವಿಷ ಮೈಯಲ್ಲೇ ಉಳಿಯುತ್ತದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಅದಕ್ಕೂ ಮುಖ್ಯ ಕಾರಣ ಇದೇ. ಬಿಳಿ ಫಿನಾಯಿಲ್ ಪರವಾಗಿಲ್ವಾ ಅಂತ ಕೇಳಿದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಪೈನ್ ಎಣ್ಣೆ, ಅದೂ ಬೇಡ ಅಂದರು. ನೀಲಗಿರಿ, ಟೀ ಟ್ರೀ, ಕಿತ್ತಳೆ-ನಿಂಬೆ ಎಣ್ಣೆಗಳೂ ಬೇಡ. ಕಪಾಟಿನ ನುಸಿಗುಳಿಗೆಯೂ ಬೇಡ.

ಎರಡು ರಾತ್ರಿ ಅಲ್ಲೇ ಇಟ್ಟುಕೊಂಡು ಕಳಿಸಿದರು. ಬದುಕಿದ. ನಾಲಿಗೆ ಹುಣ್ಣಾಗಿ ಒಂದು ವಾರ ಗಂಜಿಯಂಥ ಊಟವನ್ನಷ್ಟೇ ನೆಕ್ಕುತ್ತಿದ್ದ.

ಇಷ್ಟೆಲ್ಲ ಆದ ಮೇಲೆ ನೆಲ ನೋಡಲು ಮರಗೆಲಸದ ಆಚಾರ್ರನ್ನು ಕರೆಸಿದೆ. ಅವರು ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟರು. 'ನೋಡಿ ಮೇಡಂ, ಇದೆಲ್ಲ ಅರ್ಧ ಚಂದ್ರಾಕಾರ. ಬೆಕ್ಕು ಹೀಗೆ ಗೀರಲ್ಲ. ಇದು ನಿಮ್ಮ ಕುರ್ಚಿ' ಅಂದರು. ಕುರ್ಚಿ ಮಗುಚಿ ಹಾಕಿದರೆ ಐದೂ ಚಕ್ರಗಳಲ್ಲಿ ಕೂದಲಿನ ಜೊತೆ ಬೆಕ್ಕಿನ ಟ್ರೇಯ ಮಣ್ಣಿನ ಕಾಳುಗಳು ಕಚ್ಚಿಕೊಂಡಿದ್ದವು. ಅವನ ಪಾದಕ್ಕೆ ಅಂಟಿ ರೂಮಿಡೀ ಚೆಲ್ಲಿದ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಕಾಳು. ಅದರ ಮೇಲೆ ನಾನು ದಿನಕ್ಕೆ ಎಂಟು ಗಂಟೆ ಕುರ್ಚಿ ಆಡಿಸಿದ್ದೆ. ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ. ಬೆಲ್ಲನ ಪಾಲು ಅಂದರೆ ಕಿಟಕಿಯಿಂದ ಹಾರಿ ಇಳಿಯುವ ಜಾಗದಲ್ಲಿ ಬೆರಳುದ್ದದ ನಾಲ್ಕೈದು ಗೀರು, ಅಷ್ಟೇ.

ಅಮೆರಿಕದಲ್ಲಿರುವ ಕಸಿನ್ ಒಬ್ಬಳು ಈ ನಡುವೆ 'ಉಗುರು ತೆಗೆಸಿಬಿಡು, ಇಲ್ಲಿ ಮಾಡಿಸ್ತಾರೆ' ಅಂದಿದ್ದಳು. ಅದು ಉಗುರು ಕತ್ತರಿಸುವುದಲ್ಲ. ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸಿ ತೆಗೆಯುವುದು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿದೆ. ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡಿ.

ಈಗ ಏನು ಮಾಡುತ್ತಿದ್ದೇನೆ ಅಂದರೆ, ಟ್ರೇ ಟೈಲ್ಸ್ ಇರುವ ಬಾಲ್ಕನಿಗೆ ಹೋಯಿತು. ಮುಂದೆ ಒಂದು ತೆಂಗಿನ ನಾರಿನ ಮ್ಯಾಟ್, ಪಾದದ ಕಾಳು ಅಲ್ಲೇ ಉದುರುತ್ತದೆ. ಆಪರೇಷನ್ ಆಯಿತು, ಮೂಲೆಯ ಉಚ್ಚೆ ನಿಂತಿತು. ಕುರ್ಚಿ ಕೆಳಗೆ ಮ್ಯಾಟ್, ಮಂಚ-ಮೇಜಿನ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆ. ಕಿಟಕಿ ಕೆಳಗೆ ಹಳೆಯ ಜಮಖಾನ. ಎರಡು ವಾರಕ್ಕೊಮ್ಮೆ ಅವನು ನಿದ್ದೆಗಣ್ಣಲ್ಲಿದ್ದಾಗ ಉಗುರಿನ ತುದಿ ಕತ್ತರಿಸುತ್ತೇನೆ. ಪಾರದರ್ಶಕವಾದ ತುದಿ ಮಾತ್ರ. ಒಳಗೆ ಗುಲಾಬಿ ಬಣ್ಣ ಕಾಣುವಲ್ಲಿ ರಕ್ತನಾಳ ಇರುತ್ತದೆ, ಅಲ್ಲಿಗೆ ಕತ್ತರಿ ಹೋಗಬಾರದು. ಅಕಸ್ಮಾತ್ ರಕ್ತ ಬಂದರೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿದರೆ ನಿಲ್ಲುತ್ತದೆ. ಒಂದೇ ದಿನ ಹದಿನೆಂಟೂ ಉಗುರು ಮುಗಿಸುವ ಹಟ ಬೇಡ. ನಮ್ಮಲ್ಲಿ ಒಂದು ಕಾಲಿಗೆ ಒಂದು ದಿನ.

ಕೆರೆಯಲು ಒಂದು ಗಟ್ಟಿ ಕಂಬ ಬೇಕೇ ಬೇಕು. ಹಳೆಯ ಉಗುರಿನ ಸಿಪ್ಪೆ ಕಳಚಲು, ಮೈ ಮುರಿಯಲು, ತನ್ನ ವಾಸನೆ ಬಿಡಲು ಅವು ಕೆರೆಯುತ್ತವೆ. ಬೈದರೆ ನಿಲ್ಲುವ ಚಟ ಅಲ್ಲ. ಅಂಗಡಿಯಲ್ಲಿ ಕೊಂಡದ್ದು ಗಿಡ್ಡ, ಅಲುಗಾಡುತ್ತಿತ್ತು, ಅವನು ತಿರುಗಿಯೂ ನೋಡಲಿಲ್ಲ. ಆಚಾರ್ರು ಕೊಟ್ಟ ಮೂರಡಿ ಮರದ ತುಂಡಿಗೆ ಅಕ್ಕಿಯ ಗೋಣಿಚೀಲ ಸುತ್ತಿ, ಅಗಲದ ಹಲಗೆಗೆ ಬಡಿದು ನಿಲ್ಲಿಸಿದೆ. ಅದೇ ಸಂಜೆಯಿಂದ ಶುರು.

ನೆಲಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆ, ಬರೀ ನೀರು. ಉಚ್ಚೆ ಬಿದ್ದರೆ ತಕ್ಷಣ ಒಣಬಟ್ಟೆಯಲ್ಲಿ ಹೀರಿ, ಸಾಕುಪ್ರಾಣಿಗಳಿಗೆಂದೇ ಬರುವ ಎಂಜೈಮ್ ಕ್ಲೀನರ್. ಉಬ್ಬಿದ ಹಲಗೆಗಳನ್ನು ಮಾತ್ರ ಸರಿಮಾಡಲು ಆಗಲಿಲ್ಲ. ಓನರ್ ಅಂಕಲ್‌ಗೆ ಮೊದಲೇ ಹೇಳಿ, ಬದಲಾಯಿಸುವ ಖರ್ಚು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಅಂದಿದ್ದೇನೆ.

ಮನೆಗೆಲಸಕ್ಕೆ ಬರುವ ಅಕ್ಕನಿಗೂ ಎಲ್ಲ ಹೇಳಿ ಫಿನಾಯಿಲ್ ಬಾಟಲಿ ಮನೆಯಿಂದಲೇ ಆಚೆ ಹಾಕಿದ್ದಾಯಿತು. ಆದರೆ ಅಪಾರ್ಟ್‌ಮೆಂಟಿನ ಕಾರಿಡಾರ್‌ಗೆ ಇಂದಿಗೂ ಬೆಳಗ್ಗೆ ಅದೇ ನೀರು. ನಿಮ್ಮಲ್ಲೂ ಹಾಗೇ ಇರುತ್ತದೆ, ಒಮ್ಮೆ ಮೂಸಿ ನೋಡಿ. ಅದು ಒಣಗುವ ತನಕ ನಮ್ಮ ಮನೆಯ ಮುಂಬಾಗಿಲು ತೆರೆಯುವುದಿಲ್ಲ, ಹಾಲಿನವನು ಬಂದರೂ ಸಹ.