ಉಗುರಿನ ಸಲಕರಣೆಗಳಿಗೆ ಬಿ-ಕ್ಲಾಸ್ ಆಟೋಕ್ಲೇವ್: ಕೆಲವು ವರ್ಷ ಬಳಸಿದ ಮೇಲೆ

ತುಮಕೂರಿನ ನಮ್ಮ ಪಾರ್ಲರಿನಲ್ಲಿ ಮ್ಯಾನಿಕ್ಯೂರ್, ಪೆಡಿಕ್ಯೂರ್‌ಗೆ ಬಳಸುವ ಲೋಹದ ಸಲಕರಣೆಗಳನ್ನೆಲ್ಲ ಕೆಲವು ವರ್ಷಗಳಿಂದ 18 ಲೀಟರಿನ ಬಿ-ಕ್ಲಾಸ್ ಆಟೋಕ್ಲೇವಿನಲ್ಲಿ, ಎಂದರೆ ಒತ್ತಡದ ಹಬೆಯ ಯಂತ್ರದಲ್ಲಿ, ಕ್ರಿಮಿಶುದ್ಧ ಮಾಡುತ್ತಿದ್ದೇವೆ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಮೇಜಿನ ಮೇಲೆ ಕೂತಿರುವ, ಎದುರಿನಿಂದ ಬಾಗಿಲು ತೆರೆಯುವ ಯಂತ್ರವೇ ಇದು. ಬೆಲೆ ಲಕ್ಷದ ಹತ್ತಿರಕ್ಕೆ ಹೋಗುವುದರಿಂದ, ಇಷ್ಟು ಹಣ ಹಾಕಬೇಕೇ ಎಂದು ಯೋಚಿಸುತ್ತಿರುವ ಸಣ್ಣ ಪಾರ್ಲರಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ಅದು ಮಾಡುವುದು ಕೊನೆಯ ಕೆಲಸವನ್ನು ಮಾತ್ರ.

ನಮ್ಮಲ್ಲಿ ಬಹುತೇಕ ಪಾರ್ಲರುಗಳು ನೆಚ್ಚಿಕೊಂಡಿರುವುದು ನೀಲಿ ಬೆಳಕಿನ ಯುವಿ ಬಾಕ್ಸನ್ನು. ನೇರಳಾತೀತ ಕಿರಣ ನೇರವಾಗಿ ಬಿದ್ದ ಮೇಲ್ಮೈಯಲ್ಲಷ್ಟೇ ಕೆಲಸ ಮಾಡುತ್ತದೆ. ಉಗುರಿನ ಅಂಚಿನ ಚರ್ಮ ಕತ್ತರಿಸುವ ನಿಪ್ಪರಿನ ಕೀಲು, ಅದರ ಎರಡು ದವಡೆಗಳ ನಡುವಿನ ಸಂದು, ತಟ್ಟೆಗೆ ತಾಗಿಕೊಂಡಿರುವ ಕೆಳಬದಿ, ಇವೆಲ್ಲ ನೆರಳಿನಲ್ಲೇ ಉಳಿಯುತ್ತವೆ. ಶುದ್ಧವಾದ ಸಲಕರಣೆಯನ್ನು ಧೂಳು ಬೀಳದಂತೆ ಇಡಲು ಅದೊಂದು ಒಳ್ಳೆಯ ಕಪಾಟು, ಅಷ್ಟೇ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅನೇಕ ಬ್ಯಾಕ್ಟೀರಿಯಾ ಮತ್ತು ವೈರಾಣುಗಳನ್ನು ಕೊಲ್ಲುತ್ತದೆಯಾದರೂ ಬೀಜಾಣುಗಳನ್ನು, ಎಂದರೆ ಕೆಲವು ಬ್ಯಾಕ್ಟೀರಿಯಾಗಳು ತಾಳುವ ಗಟ್ಟಿ ಕವಚದ ಸುಪ್ತ ರೂಪವನ್ನು, ಕೊಲ್ಲುವುದಿಲ್ಲ. ಒರೆಸಿದ ಕ್ಷಣದಲ್ಲೇ ಆರಿಹೋಗುವುದರಿಂದ ಬೇಕಾದಷ್ಟು ಹೊತ್ತು ಮೇಲ್ಮೈಯಲ್ಲಿ ನಿಲ್ಲುವುದೂ ಇಲ್ಲ. ಉಗುರಿನ ಅಂಚಿನ ಚರ್ಮ ಕತ್ತರಿಸುವಾಗ ಕಣ್ಣಿಗೆ ಕಾಣದಷ್ಟು ರಕ್ತ ತಾಗಿದರೂ ಸಾಕು, ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಳ್ಳಬಲ್ಲದು. ನಿಪ್ಪರನ್ನು ಬಾಚಣಿಗೆಯ ಸಾಲಿಗೆ ಸೇರಿಸದೆ ಶಸ್ತ್ರದ ಸಾಲಿಗೆ ಸೇರಿಸಬೇಕಾದದ್ದು ಈ ಕಾರಣಕ್ಕೆ.

"ಮನೆಯ ಕುಕ್ಕರಿನಲ್ಲೂ ಅದೇ ಒತ್ತಡ ಇರುತ್ತದಲ್ಲ ಮೇಡಂ?" ಎಂದು ನಮ್ಮ ಹುಡುಗಿಯರೇ ಕೇಳಿದ್ದುಂಟು. ಪ್ರಶ್ನೆ ದಡ್ಡತನದ್ದಲ್ಲ. ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ ಹಬೆ 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ ಎಂಬುದು ಕುಕ್ಕರಿಗೂ ಆಟೋಕ್ಲೇವಿಗೂ ಒಂದೇ. ಆದರೆ ಒಳಗೆ ಗಾಳಿ ಸಿಕ್ಕಿಕೊಂಡರೆ ಅದೇ ಒತ್ತಡದಲ್ಲೂ ಉಷ್ಣತೆ ಕಡಿಮೆ ಇರುತ್ತದೆ. ಕುಕ್ಕರಿನಲ್ಲಿ ಆ ಉಷ್ಣತೆ ಎಷ್ಟಿತ್ತು, ಎಷ್ಟು ಹೊತ್ತು ನಿಂತಿತು ಎಂದು ತಿಳಿಯುವ ದಾರಿಯಿಲ್ಲ, ಹೊರಗೆ ಬಂದ ಸಲಕರಣೆ ಒದ್ದೆಯಾಗಿಯೇ ಇರುತ್ತದೆ. ಎನ್-ಕ್ಲಾಸ್ ಮತ್ತು ಬಿ-ಕ್ಲಾಸ್ ಯಂತ್ರಗಳ ವ್ಯತ್ಯಾಸವೂ ಬಹುಮಟ್ಟಿಗೆ ಈ ಗಾಳಿಯದೇ. ಎನ್-ಕ್ಲಾಸ್‌ನಲ್ಲಿ ಹಬೆ ಬಂದು ಗಾಳಿಯನ್ನು ಹೊರಗೆ ತಳ್ಳಬೇಕು, ಹಾಗಾಗಿ ಅದು ಪೌಚಿಗೆ (ಸಲಕರಣೆಯನ್ನು ಮುಚ್ಚಿಡುವ, ಹಬೆ ಒಳಹೋಗುವ ಕಾಗದದ ಚೀಲಕ್ಕೆ) ಹಾಕದ, ಟೊಳ್ಳಿಲ್ಲದ ಸಲಕರಣೆಗಳಿಗೆ ಮಾತ್ರ ಸರಿ. ಬಿ-ಕ್ಲಾಸ್‌ನಲ್ಲಿ ನಿರ್ವಾತ ಪಂಪು ಹಲವು ಸುತ್ತು ಗಾಳಿಯನ್ನು ಎಳೆದು ತೆಗೆಯುತ್ತದೆ, ಕೊನೆಗೆ ಅದೇ ಪಂಪು ಪೌಚನ್ನು ಒಣಗಿಸುತ್ತದೆ. ಪೌಚಿಗೆ ಹಾಕದೆ ತೆಗೆದಿಟ್ಟ ನಿಪ್ಪರು ತಟ್ಟೆಗೆ ಬಂದ ಕೂಡಲೇ ಮತ್ತೆ ಗಾಳಿಗೆ, ಕೈಗೆ ಒಡ್ಡಿಕೊಳ್ಳುವುದರಿಂದ, ದುಬಾರಿಯಾದರೂ ಬಿ-ಕ್ಲಾಸ್ ತೆಗೆದುಕೊಂಡದ್ದೇ ಸರಿ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ನಿಜವಾದ ಶ್ರಮವಿರುವುದು ಯಂತ್ರದ ಬಾಗಿಲು ಮುಚ್ಚುವ ಮೊದಲು. ಬಳಸಿದ ಸಲಕರಣೆಯನ್ನು ಒಣಗಲು ಬಿಡದೆ ಎಂಜೈಮ್ ದ್ರಾವಣದಲ್ಲಿ ಮುಳುಗಿಸಿ, ನಿಪ್ಪರಿನ ಬಾಯಿ ತೆರೆದು, ಸಿಡಿಯದಂತೆ ನೀರಿನ ಒಳಗೇ ಹಿಡಿದು ಸಣ್ಣ ನೈಲಾನ್ ಬ್ರಷ್ಷಿನಿಂದ ಕೀಲನ್ನು ಉಜ್ಜಬೇಕು. ಆಗ ಹೊರಬರುವ ಬಿಳಿಯ ಚೂರುಗಳನ್ನು ಒಮ್ಮೆ ನೋಡಿದವರು ಈ ಹಂತವನ್ನು ಮತ್ತೆಂದೂ ಬಿಡುವುದಿಲ್ಲ. ಆ ಚರ್ಮದ ಚೂರು ಅಂಟಿಕೊಂಡಿರುವಲ್ಲಿ ಹಬೆ ಲೋಹವನ್ನು ಮುಟ್ಟುವುದಿಲ್ಲ. ತೊಳೆದು ಒರೆಸಿದ ಮೇಲೆ, ಕೀಲು ಬಿಗಿಯಾಗಿದೆ ಎಂದು ಕೆಲವರು ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಹಚ್ಚುತ್ತಾರೆ. ಎಣ್ಣೆಯ ಪದರವೂ ಹಬೆಯನ್ನು ತಡೆಯುತ್ತದೆ, ಆದ್ದರಿಂದ ಸಲಕರಣೆಗಳಿಗೆಂದೇ ಸಿಗುವ, ನೀರಿನಲ್ಲಿ ಕರಗುವ ದ್ರವವನ್ನಷ್ಟೇ ಬಳಸಬೇಕು. ನಿಪ್ಪರಿನ ಬಾಯಿ ತೆರೆದೇ ಇರುವಂತೆ ಪೌಚಿಗೆ ಹಾಕಿ, ಒಂದರ ಮೇಲೊಂದು ಪೇರಿಸದೆ ರ‍್ಯಾಕಿನಲ್ಲಿ ಅಂಚಿನ ಮೇಲೆ ನಿಲ್ಲಿಸಬೇಕು. 134 ಡಿಗ್ರಿಯಲ್ಲಿ 4 ನಿಮಿಷದ ಸುತ್ತು ಎಂದು ಹೇಳಿದರೂ, ಗಾಳಿ ತೆಗೆದು, ಕಾಯಿಸಿ, ಒಣಗಿಸುವುದೆಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಪೌಚು ಒದ್ದೆಯಾಗಿ ಹೊರಬಂದರೆ ಅದನ್ನು ಶುದ್ಧ ಎಂದು ಎತ್ತಿಡುವಂತಿಲ್ಲ, ಏಕೆಂದರೆ ಒದ್ದೆ ಕಾಗದದ ಮೂಲಕ ಸೂಕ್ಷ್ಮಜೀವಿಗಳು ಸುಲಭವಾಗಿ ಒಳಗೆ ಇಳಿಯುತ್ತವೆ.

ಪೌಚಿನ ಮೇಲಿನ ಗುರುತು ಬಣ್ಣ ಬದಲಿಸಿತೆಂದರೆ ಕೆಲಸ ಆಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಆ ಬಣ್ಣ ಹೇಳುವುದು ಪೌಚಿಗೆ ಬಿಸಿ ತಾಗಿದೆ ಎಂಬುದನ್ನಷ್ಟೇ. ಕ್ರಿಮಿ ಸತ್ತಿತೇ ಎಂದು ತಿಳಿಯಲು ಜಿಯೋಬ್ಯಾಸಿಲಸ್ ಸ್ಟೀರೊಥರ್ಮೊಫಿಲಸ್ ಎಂಬ, ಬಿಸಿಗೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾದ ಬೀಜಾಣುಗಳಿರುವ ಪುಟ್ಟ ಸೀಸೆಯನ್ನು ಸಲಕರಣೆಗಳ ಜೊತೆಗೇ ಇಟ್ಟು ಯಂತ್ರ ಓಡಿಸಬೇಕು. ಆಮೇಲೆ ಸೀಸೆಯೊಳಗಿನ, ಪೋಷಕ ದ್ರವ ತುಂಬಿದ ಗಾಜಿನ ಕೊಳವೆಯನ್ನು ಒಡೆದು, ಸುಮಾರು 56ರಿಂದ 60 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ನಾವು ಬಳಸುವ ಬಗೆಯಲ್ಲಿ ಆ ದ್ರವದ ನೇರಳೆ ಬಣ್ಣ ಹಾಗೆಯೇ ಉಳಿದರೆ ಬೀಜಾಣುಗಳು ಸತ್ತಿವೆ, ಹಳದಿಗೆ ತಿರುಗಿದರೆ ಬದುಕಿವೆ ಎಂದರ್ಥ. ಯಂತ್ರಕ್ಕೆ ಹಾಕದ ಇನ್ನೊಂದು ಸೀಸೆಯನ್ನು ಪಕ್ಕದಲ್ಲೇ ಇಡುವುದು ಅಗತ್ಯ. ಅದು ಹಳದಿಯಾಗದಿದ್ದರೆ ಪರೀಕ್ಷೆಯೇ ಸುಳ್ಳು. ಯಂತ್ರ ಮಾರಲು ಬಂದವರು ಈ ಪರೀಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ ಎಂಬುದು ನನಗೆ ಈಗಲೂ ಬೇಸರದ ಸಂಗತಿ.

ಖರ್ಚಿನ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರನ್ನು ಇದಕ್ಕೆ ತೋರಿಸಲೂಬಾರದು. ಆರ್‌ಒ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುವುದರಿಂದ ಡಿಸ್ಟಿಲ್ಡ್ ವಾಟರನ್ನೇ ಕೊಳ್ಳುತ್ತೇವೆ. ಕಾಯುವಾಗ ಎಳೆಯುವ ಕರೆಂಟಿಗೆ ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ ಬೇಕು. ನಡುವೆ ಕರೆಂಟು ಹೋದರೆ ಆ ಸುತ್ತು ವ್ಯರ್ಥ, ಮೊದಲಿನಿಂದ ಓಡಿಸಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇದು ತಾಳ್ಮೆ ಪರೀಕ್ಷಿಸುತ್ತದೆ. ಬಾಗಿಲಿನ ಗ್ಯಾಸ್ಕೆಟ್ (ಹಬೆ ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆಯುವ ವಸ್ತು ಎಂದೇ ಲೆಕ್ಕ ಇಡಬೇಕು. ಅಗ್ಗದ ಕಾರ್ಬನ್ ಸ್ಟೀಲ್ ನಿಪ್ಪರುಗಳು ಹಬೆಗೆ ತುಕ್ಕು ಹಿಡಿದವು. ಸ್ಟೇನ್‌ಲೆಸ್ ಸ್ಟೀಲಿನವು ಉಳಿದಿವೆ, ಆದರೆ ಸಾಣೆ ಹಿಡಿಸುವ ಸರದಿ ಮೊದಲಿಗಿಂತ ಬೇಗ ಬರುತ್ತದೆ. ಒಂದು ಸೆಟ್ ಯಂತ್ರದಲ್ಲಿದ್ದಾಗ ಗಿರಾಕಿಯನ್ನು ಕಾಯಿಸಲಾಗದ್ದರಿಂದ ಹೆಚ್ಚು ಸೆಟ್ ಕೊಳ್ಳಬೇಕಾಗುತ್ತದೆ, ಈ ಹಣವನ್ನು ಯಂತ್ರದ ಬೆಲೆಗೇ ಸೇರಿಸಿಕೊಳ್ಳಿ.

ಯಂತ್ರದ ಕೈಗೆ ಸಿಗದ ವಸ್ತುಗಳೂ ಇವೆ. ಕಾಗದದ ಫೈಲು, ಬಫರ್, ಮರದ ಕಡ್ಡಿಗಳು ಒಬ್ಬರಿಗೆ ಬಳಸಿ ಎಸೆಯುವಂಥವು. ಇ-ಫೈಲಿನ, ಎಂದರೆ ಕರೆಂಟಿನಿಂದ ತಿರುಗುವ ಉಗುರು ಉಜ್ಜುವ ಸಾಧನದ, ಬಿಟ್ಟುಗಳಲ್ಲಿ 134 ಡಿಗ್ರಿ ತಾಳುತ್ತವೆ ಎಂದು ತಯಾರಕರು ನಮೂದಿಸಿದವನ್ನು ಮಾತ್ರ ಹಾಕುತ್ತೇವೆ, ಅದರ ಹ್ಯಾಂಡ್‌ಪೀಸನ್ನು ಸೋಂಕುನಿವಾರಕದಿಂದ ಒರೆಸಬೇಕಷ್ಟೇ. ಪೆಡಿಕ್ಯೂರ್ ಟಬ್ಬಿನ ಕತೆ ಇನ್ನೂ ಗಂಭೀರ: 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ಸಲೂನಿನಲ್ಲಿ 100ಕ್ಕೂ ಹೆಚ್ಚು ಗಿರಾಕಿಗಳ ಕಾಲುಗಳಲ್ಲಿ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಂನಿಂದ ಕುರುಗಳೆದ್ದಾಗ, ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಕೊಳೆ ಶೇಖರವಾಗಿದ್ದದ್ದು ಕಂಡುಬಂದಿತ್ತು. ಜೆಟ್ ಇರುವ ಟಬ್ಬನ್ನು ನಾವು ತೆಗೆದುಹಾಕಿ, ಉಜ್ಜಿ ತೊಳೆಯಬಹುದಾದ ಸಾದಾ ಬೇಸಿನ್ನಿಗೆ ಮರಳಿದ್ದೇವೆ. ತೊಳೆದ ಮೇಲೆ ಸೋಂಕುನಿವಾರಕವನ್ನು ಲೇಬಲ್ಲಿನಲ್ಲಿ ಬರೆದಷ್ಟು ನಿಮಿಷ ನಿಲ್ಲಿಸುತ್ತೇವೆ.

ಕೊಳ್ಳುವವರು ವಾಟ್, ಲೀಟರುಗಳಿಗಿಂತ ಮೊದಲು ಸರ್ವಿಸ್ ಇಂಜಿನಿಯರ್ ಯಾವ ಊರಿನಿಂದ ಬರುತ್ತಾರೆ ಎಂದು ಕೇಳಿ. ನಮ್ಮ ನಿರ್ವಾತ ಪಂಪು ಕೆಟ್ಟಾಗ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾಯಿತು, ಆ ದಿನಗಳಲ್ಲಿ ನಿಪ್ಪರು ಹಿಡಿಯುವ ಕೆಲಸವನ್ನೇ ನಿಲ್ಲಿಸಿ, ಬರೀ ಪಾಲಿಶ್ ಮಾಡಿಕೊಟ್ಟೆವು. ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಗ್ಯಾಸ್ಕೆಟ್, ಸೇಫ್ಟಿ ವಾಲ್ವಿನ ತಪಾಸಣೆ ಮತ್ತು ಉಷ್ಣತೆಯ ಕ್ಯಾಲಿಬ್ರೇಷನ್ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಿ.